ಗುಡ್ಡವಿಲ್ಲದ ಊರಿನ ಫೋಟೊ

ಚೆನ್ನೈ ನಗರವನ್ನು ಒಂದೇ ಫೋಟೊದಲ್ಲಿ ಹಿಡಿಯುವುದು ಬಹಳ ಕಷ್ಟ. ಊರು ದೊಡ್ಡದು ಎಂಬ ಕಾರಣಕ್ಕಲ್ಲ, ಬೆಂಗಳೂರೂ ದೊಡ್ಡದೇ. ಚೆನ್ನೈ ಚಪ್ಪಟೆಯಾಗಿದೆ, ಕಷ್ಟ ಅದರಲ್ಲಿದೆ. ನಮ್ಮ ನಂದಿನಿ ಲೇಔಟ್‌ನಲ್ಲಿ ಮೂರನೇ ಮಹಡಿಯ ಟೆರೇಸ್ ಹತ್ತಿದರೆ ಸಾಕು, ಒಂದು ರಸ್ತೆ ಇಳಿಯುತ್ತದೆ, ಇನ್ನೊಂದು ಏರುತ್ತದೆ, ಲಗ್ಗೆರೆ ಕಡೆಯ ಮನೆಗಳು ಒಂದರ ಹೆಗಲ ಮೇಲೆ ಒಂದು ಕೂತಂತೆ ಕಾಣುತ್ತವೆ. ಕಾಲೇಜಿಗೆ ಸೈಕಲ್‌ನಲ್ಲಿ ಬರುವವರನ್ನು ಕೇಳಿ, ಯಾವ ತಿರುವಿನಲ್ಲಿ ಇಳಿದು ತಳ್ಳಬೇಕು ಎಂದು ಅವರೇ ಹೇಳುತ್ತಾರೆ. ಬೆಂಗಳೂರು ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ, ಅದರಲ್ಲೂ ಏರಿಳಿತ ಇದೆ. ಚೆನ್ನೈನ ಬಹುಭಾಗ ಸಮುದ್ರ ಮಟ್ಟದಿಂದ ಹತ್ತು ಮೀಟರ್ ಆಸುಪಾಸಿನಲ್ಲಿದೆ. ಅಲ್ಲಿ ಟೆರೇಸ್ ಹತ್ತಿದರೆ ಕಾಣುವುದು ಪಕ್ಕದ ಮನೆಯ ಟೆರೇಸ್ ಮತ್ತು ಅದರ ಮೇಲಿನ ಸಿಂಟೆಕ್ಸ್ ಟ್ಯಾಂಕ್ ಮಾತ್ರ.

ಈ ವಿಷಯ ನನ್ನ ತಲೆಗೆ ಹೊಕ್ಕಿದ್ದು ನಮ್ಮ ನಾನಿಯಿಂದ. ನಾನಿ ಹುಟ್ಟಿದ್ದು ಟ್ರಿಪ್ಲಿಕೇನ್‌ನಲ್ಲಿ, 1795ರಲ್ಲಿ ಕಟ್ಟಿದ ವಾಲಾಜಾ ಮಸೀದಿಯ ಹತ್ತಿರದ ಒಂದು ಗಲ್ಲಿಯಲ್ಲಿ. ಮದುವೆಯಾಗಿ ಹೋದದ್ದು ಅಡ್ಯಾರ್ ನದಿಯ ಪಕ್ಕದ ಸೈದಾಪೇಟೆಗೆ. 2015ರ ಡಿಸೆಂಬರ್ 1 ಮತ್ತು 2ರ ಪ್ರವಾಹದಲ್ಲಿ ಆ ಮನೆಯ ನೆಲಮಹಡಿ ಮುಳುಗಿತು. ರಾತ್ರಿ ನೀರು ಬಂದಾಗ ಖಾಲಾ, ಭಾಯಿ (ಖಾಲಾರ ಮಗ), ನಾನಿ ಮೂವರೂ ಮೇಲಿನ ಮನೆಯವರ ಬಾಗಿಲು ತಟ್ಟಿ ಹತ್ತಿ ಕುಳಿತರು. ಜೀವಕ್ಕೆ ಏನೂ ಆಗಲಿಲ್ಲ, ಅಲ್‌ಹಮ್ದುಲಿಲ್ಲಾಹ್. ಆದರೆ ಕಬ್ಬಿಣದ ಪೆಟ್ಟಿಗೆಯಲ್ಲಿದ್ದ ಆಲ್ಬಮ್‌ಗಳು ಎರಡು ದಿನ ಕೆಸರು ನೀರಲ್ಲಿ ನೆನೆದು ಒಂದಕ್ಕೊಂದು ಅಂಟಿಕೊಂಡವು. ಬಿಡಿಸಲು ಹೋದರೆ ಮುಖಗಳೇ ಕಿತ್ತು ಬಂದವು ಎಂದು ಅಮ್ಮಿ ಹೇಳುತ್ತಾರೆ. ನಾನಿ ಆಮೇಲೆ ನಮ್ಮ ಮನೆಗೆ ಬಂದರು, ಇಲ್ಲೇ ಇದ್ದಾರೆ. ಈಗ ಮೊಣಕಾಲು ನೋವು, ರೈಲು ಹತ್ತುವಂತಿಲ್ಲ. ಖಾಲಾ ಮಾತ್ರ ಅದೇ ಮನೆಯಲ್ಲಿದ್ದಾರೆ.

ಕಳೆದ ದಸರಾ ರಜೆಯಲ್ಲಿ ಅಬ್ಬಾ ನನ್ನನ್ನು ಖಾಲಾ ಮನೆಗೆ ಕರೆದುಕೊಂಡು ಹೋದರು. ಮನೆ ಮಾರಿ ಬೆಂಗಳೂರಿಗೆ ಬಂದುಬಿಡಿ ಎಂದು ಖಾಲಾಗೆ ಹೇಳುವುದು ಅವರ ಉದ್ದೇಶ. ಹೊರಡುವಾಗ ನಾನಿ ನನ್ನ ಕೈ ಹಿಡಿದು, "ಬೇಟಿ, ನನಗೆ ಒಂದೇ ಒಂದು ಫೋಟೊ ತಾ. ಅದರಲ್ಲಿ ಸಮುದ್ರವೂ ಇರಬೇಕು, ನಮ್ಮ ಮನೆಯೂ ಇರಬೇಕು" ಎಂದರು. ಸೈದಾಪೇಟೆಯಿಂದ ಸಮುದ್ರಕ್ಕೆ ಐದಾರು ಕಿಲೋಮೀಟರ್. ಮಂಗಳೂರಿನಂಥ ಊರಾಗಿದ್ದರೆ ಇದು ಅಂಥ ದೊಡ್ಡ ಬೇಡಿಕೆಯಲ್ಲ.

ಮಂಗಳೂರಿನ ಮಾತು ಬಂದದ್ದರಿಂದ ಒಂದು ಸಣ್ಣ ಹೋಲಿಕೆ. ಅಲ್ಲಿ ಬಾವುಟಗುಡ್ಡೆ ಇದೆ. ಹಳೆಯ ದೀಪಸ್ತಂಭವೂ ಅಲ್ಲೇ ಇದೆ, ಟಿಪ್ಪು ಕಾಲದ್ದೆಂದು ಹೇಳುವ ಈದ್ಗಾ ಮಸೀದಿಯೂ ಅಲ್ಲೇ. ಗುಡ್ಡ ಇರುವ ಊರಿನಲ್ಲಿ ದೀಪ ಎಲ್ಲಿಡಬೇಕು ಎಂದು ಯಾರೂ ತಲೆ ಕೆಡಿಸಿಕೊಳ್ಳಬೇಕಿಲ್ಲ. ಉಡುಪಿ ಜಿಲ್ಲೆಯ ಕಾಪುವಿನಲ್ಲಿ 1901ರಲ್ಲಿ ದೀಪಸ್ತಂಭ ಕಟ್ಟುವಾಗ ಕಡಲ ದಂಡೆಯಲ್ಲೇ ಒಂದು ಬಂಡೆ ಸಿಕ್ಕಿತು, ಅದರ ಮೇಲೆ ಸುಮಾರು 27 ಮೀಟರ್ ಎತ್ತರದ ಗೋಪುರ ಎದ್ದಿತು. ಚೆನ್ನೈನಲ್ಲಿ ಕಡಲ ದಂಡೆಗೆ ಹತ್ತಿರ ಗುಡ್ಡವೂ ಇಲ್ಲ, ಅಂಥ ಬಂಡೆಯೂ ಇಲ್ಲ. ಅದಕ್ಕೇ ಅಲ್ಲಿನ ದೀಪ ಮನೆ ಬದಲಿಸುತ್ತಾ ಹೋಯಿತು. 1796ರಲ್ಲಿ ಸೇಂಟ್ ಜಾರ್ಜ್ ಕೋಟೆಯೊಳಗಿನ ಒಂದು ಕಟ್ಟಡದ ಮಾಳಿಗೆಯ ಮೇಲೆ. 1844ರಲ್ಲಿ ಈಗ ಹೈಕೋರ್ಟ್ ಆವರಣದಲ್ಲಿರುವ ಎತ್ತರದ ಕಲ್ಲಿನ ಕಂಬದ ಮೇಲೆ. 1894ರಲ್ಲಿ ಹೈಕೋರ್ಟಿನ ಗುಮ್ಮಟದ ಮೇಲೆಯೇ. ನ್ಯಾಯಾಲಯದ ತಲೆಯ ಮೇಲೆ ಹಡಗುಗಳಿಗೆ ದೀಪ! ಕೊನೆಗೆ 1977ರಲ್ಲಿ ಮರೀನಾ ಕಡಲ ದಂಡೆಯಲ್ಲಿ ಕೆಂಪು ಬಿಳಿ ಪಟ್ಟೆಯ, ತ್ರಿಕೋನಾಕಾರದ, ಸುಮಾರು 150 ಅಡಿಯ ಈಗಿನ ಸ್ತಂಭ. ಭದ್ರತೆಯ ಕಾರಣಕ್ಕೆ ಅದನ್ನು ಬಹಳ ವರ್ಷ ಜನರಿಗೆ ಮುಚ್ಚಿದ್ದರು, 2013ರಲ್ಲಿ ಮತ್ತೆ ತೆರೆದರು. ಲಿಫ್ಟ್ ಇದೆ. ಅಬ್ಬಾಗೆ ಅದೇ ದೊಡ್ಡ ಸಂತೋಷ.

ಡ್ರೋನ್ ಹಾರಿಸಿದರೆ ಆಗದೇ ಎಂದು ನಮ್ಮ ಕ್ಲಾಸಿನಲ್ಲಿ ಮೂರು ಜನ ಕೇಳಿದರು. ಆಗುವುದಿಲ್ಲ. 2021ರ ಡ್ರೋನ್ ನಿಯಮಗಳ ಪ್ರಕಾರ ರೆಡ್ ಝೋನ್‌ನಲ್ಲಿ ಹಾರಿಸಲು ಕೇಂದ್ರ ಸರ್ಕಾರದ ಅನುಮತಿ ಬೇಕು, ಆ ಊರಿನಲ್ಲಿ ವಿಮಾನ ನಿಲ್ದಾಣ, ಬಂದರು, ಸೇನೆಯ ಜಾಗಗಳು ಎಲ್ಲವೂ ಇವೆ. ಅದೂ ಅಲ್ಲದೆ ನನ್ನ ಹತ್ತಿರ ಡ್ರೋನ್ ಇಲ್ಲ. ಇದ್ದದ್ದು ಭಾಯಿಯ ಸೆಕೆಂಡ್ ಹ್ಯಾಂಡ್ ಕ್ಯಾನನ್ ಕ್ಯಾಮೆರಾ, 55ರಿಂದ 250 ಮಿಲಿಮೀಟರ್‌ನ ಒಂದು ಲೆನ್ಸ್, ಮತ್ತು ನನ್ನ ಫೋನ್.

ನಾವು ದೀಪಸ್ತಂಭ ಹತ್ತಿದ್ದು ಮಧ್ಯಾಹ್ನ ಮೂರೂವರೆಗೆ. ಗ್ಯಾಲರಿಗೆ ಕಾಲಿಟ್ಟ ಕೂಡಲೇ ಗಾಳಿ ದುಪಟ್ಟಾವನ್ನು ಎಳೆದುಕೊಂಡು ಹೋಗುವಂತೆ ಬೀಸುತ್ತದೆ, ಮೊದಲೇ ಬಿಗಿಯಾಗಿ ಪಿನ್ ಹಾಕಿಕೊಂಡಿರಿ. ಪೂರ್ವಕ್ಕೆ ಬಂಗಾಳ ಕೊಲ್ಲಿ. ಉತ್ತರಕ್ಕೆ ಮರೀನಾದ ಮರಳು, ಅದರ ಕೊನೆಯಲ್ಲಿ ಬಂದರಿನ ಕ್ರೇನುಗಳು. ದಕ್ಷಿಣಕ್ಕೆ ಸ್ಯಾಂಥೋಮ್ ಚರ್ಚಿನ ಬಿಳಿ ಶಿಖರ. ಕೆಳಗೆ ಮೀನುಗಾರರ ನೊಚ್ಚಿಕುಪ್ಪಂ, ದೋಣಿಗಳು, ಬಲೆಗಳು. ಪಶ್ಚಿಮಕ್ಕೆ ಮೈಲಾಪುರದ ಕಪಾಲೀಶ್ವರ ಗೋಪುರ. ಅದರಾಚೆಗೆ ಊರೆಂಬ ಊರೆಲ್ಲ ಒಂದು ಬೂದು ಗೆರೆ.

ಆ ಗೆರೆಯೇ ಸಮಸ್ಯೆ. ಫೋನ್‌ನಲ್ಲಿ ತೆಗೆದರೆ ಅರ್ಧ ಆಕಾಶ, ಅರ್ಧ ಹತ್ತಿರದ ಟೆರೇಸುಗಳು, ನಡುವೆ ದಾರದಷ್ಟು ತೆಳ್ಳಗೆ ಚೆನ್ನೈ. ರಾತ್ರಿ ಖಾಲಾ ಮನೆಯಲ್ಲಿ ಕೂತು ಲೆಕ್ಕ ಹಾಕಿದೆ, ನಮ್ಮ ಸಿಲಬಸ್ಸಿನ ತ್ರಿಕೋನಮಿತಿ ಸಾಕು. ಗ್ಯಾಲರಿಯ ಎತ್ತರ 40 ಮೀಟರ್ ಎಂದಿಟ್ಟುಕೊಳ್ಳಿ. ಭೂಮಿಯ ತ್ರಿಜ್ಯ 6,400 ಕಿಲೋಮೀಟರ್. ಕ್ಷಿತಿಜದ ದೂರ ಎಂದರೆ ತ್ರಿಜ್ಯ ಮತ್ತು ಎತ್ತರದ ಗುಣಲಬ್ಧದ ಎರಡರಷ್ಟರ ವರ್ಗಮೂಲ, ಸುಮಾರು 22.6 ಕಿಲೋಮೀಟರ್. ಮರಳಿನ ಮೇಲೆ ನಿಂತ ನನ್ನ ಕಣ್ಣು ಒಂದೂವರೆ ಮೀಟರ್ ಎತ್ತರದಲ್ಲಿದ್ದರೆ ಬರೀ 4.4 ಕಿಲೋಮೀಟರ್. ಅಂದರೆ ಲಿಫ್ಟ್ ನಮಗೆ ಐದು ಪಟ್ಟು ದೂರ ಕೊಟ್ಟಿತು. ಆದರೆ ಆ ದೂರವನ್ನೆಲ್ಲ ಎಲ್ಲಿ ತುರುಕಿದೆ ನೋಡಿ: ಐದು ಕಿಲೋಮೀಟರ್ ಆಚೆಯ ನೆಲದಿಂದ ಕ್ಷಿತಿಜದವರೆಗಿನ ಎಲ್ಲವೂ ಒಂದು ಡಿಗ್ರಿಯ ಮೂರನೇ ಒಂದು ಭಾಗಕ್ಕಿಂತ ಕಡಿಮೆ ಕೋನದಲ್ಲಿ ಕೂತಿರುತ್ತದೆ. ಹುಣ್ಣಿಮೆಯ ಚಂದ್ರ ಅರ್ಧ ಡಿಗ್ರಿ ಅಗಲ. ಲಕ್ಷಾಂತರ ಜನರಿರುವ ಬಡಾವಣೆಗಳೆಲ್ಲ ಚಂದ್ರನ ಅಗಲಕ್ಕಿಂತ ತೆಳುವಾದ ಪಟ್ಟಿಯಲ್ಲಿ! ಯಾವ ಕ್ಯಾಮೆರಾ ಕೊಂಡರೂ ಆ ಕೋನ ಬದಲಾಗದು.

ಅಲ್‌ಬಿರೂನಿಗೆ ಇದೇ ಕೋನ ಬಹಳ ಕೆಲಸಕ್ಕೆ ಬಂತು. 11ನೇ ಶತಮಾನದಲ್ಲಿ ಈಗಿನ ಪಾಕಿಸ್ತಾನದ ಪಂಜಾಬಿನಲ್ಲಿರುವ ನಂದನಾ ಕೋಟೆಯ ಹತ್ತಿರದ ಬೆಟ್ಟ ಹತ್ತಿ, ಎದುರಿನ ಚಪ್ಪಟೆ ಬಯಲಿನ ಕ್ಷಿತಿಜ ತನ್ನ ಕಣ್ಣಿನ ಮಟ್ಟಕ್ಕಿಂತ ಎಷ್ಟು ಕೆಳಗಿದೆ ಎಂದು ಅವರು ಅಳೆದರು. ಬಂದದ್ದು ಅರ್ಧ ಡಿಗ್ರಿಗಿಂತ ತುಸು ಹೆಚ್ಚು. ಬೆಟ್ಟದ ಎತ್ತರವನ್ನು ಮೊದಲೇ ಬೇರೆಯಾಗಿ ಅಳೆದಿಟ್ಟುಕೊಂಡಿದ್ದರು. ಈ ಎರಡರಿಂದಲೇ ಭೂಮಿಯ ತ್ರಿಜ್ಯ ಲೆಕ್ಕ ಹಾಕಿದರು, ಇಂದಿನ ಅಳತೆಗೆ ಬಹಳ ಹತ್ತಿರ ಬಂದರು. ಅವರಿಗೆ ಬೇಕಾದದ್ದೂ ನನಗೆ ಬೇಕಾದದ್ದೂ ಒಂದೇ: ಪೂರ್ತಿ ಚಪ್ಪಟೆ ನೆಲ, ಪಕ್ಕದಲ್ಲಿ ಒಂದು ಎತ್ತರ. ಮರೀನಾದಿಂದ ನೋಡಿದರೆ ಆ ಕೋನ ಡಿಗ್ರಿಯ ಐದನೇ ಒಂದು ಭಾಗ ಮಾತ್ರ. ಫೋನ್‌ನಲ್ಲಿ ಅಳೆಯುವುದು ಆಗದ ಮಾತು. (ನಂದನಾ ಎಂದು ಓದಿದಾಗಲೆಲ್ಲ ನನಗೆ ನಮ್ಮ ಲೇಔಟ್ ನೆನಪಾಗುತ್ತದೆ. ಎರಡಕ್ಕೂ ಸಂಬಂಧವಿಲ್ಲ, ಫಿಸಿಕ್ಸ್ ಸರ್ ಬೈಯಬಾರದು.)

ಬೆಳಕಿನ ವಿಷಯವನ್ನೂ ಹೇಳಬೇಕು. ಚೆನ್ನೈ ಪೂರ್ವ ಕರಾವಳಿ. ಕಡಲ ದಂಡೆಯ ಸ್ತಂಭದಿಂದ ಊರನ್ನು ನೋಡುವವರಿಗೆ ಬೆಳಿಗ್ಗೆ ಸೂರ್ಯ ಬೆನ್ನ ಹಿಂದೆ, ಮಧ್ಯಾಹ್ನದ ಮೇಲೆ ಎದುರಿಗೆ. ಕಾಪುವಿನಲ್ಲಿ ಇದು ಉಲ್ಟಾ. ನಮಗೆ ಮಧ್ಯಾಹ್ನವೇ ಸಿಕ್ಕಿದ್ದರಿಂದ ಊರಿನ ಕಡೆ ಬರೀ ಮಂಜುಮಂಜು. ಉತ್ತರಕ್ಕೆ ತಿರುಗಿದಾಗ ಮಾತ್ರ ಬೆಳಕು ಪಕ್ಕದಿಂದ ಬಿದ್ದು ಪ್ರತಿ ದೋಣಿ, ಪ್ರತಿ ಬಜ್ಜಿ ಅಂಗಡಿ ಮರಳಿನ ಮೇಲೆ ಉದ್ದ ನೆರಳು ಚೆಲ್ಲಿತ್ತು. ಚಪ್ಪಟೆ ಜಾಗಕ್ಕೆ ಎತ್ತರ ಕೊಡುವುದು ನೆರಳು. ಲೆನ್ಸನ್ನು 250ಕ್ಕೆ ಎಳೆದರೆ ದೂರದ್ದೂ ಹತ್ತಿರದ್ದೂ ಒಂದರ ಬೆನ್ನಿಗೆ ಒಂದು ಬಂದು ನಿಲ್ಲುತ್ತವೆ, ಹಾಗೆ ತೆಗೆದ ಮರೀನಾದ ಫೋಟೊವೇ ಅವತ್ತಿನ ಒಳ್ಳೆಯ ಫೋಟೊ.

ಆ ಮರಳಿಗೂ ಒಂದು ಕಥೆ ಇದೆ, ಮೇಲಿನಿಂದಲೇ ಅದು ಅರ್ಥವಾಗುವುದು. ಮರೀನಾ ಇಷ್ಟು ಅಗಲ ಇರಲಿಲ್ಲ. 1870ರ ದಶಕದಲ್ಲಿ ಬಂದರಿಗಾಗಿ ಸಮುದ್ರದೊಳಗೆ ಗೋಡೆ ಕಟ್ಟಲು ಶುರು ಮಾಡಿದರು. ಈ ತೀರದಲ್ಲಿ ಅಲೆಗಳು ಮರಳನ್ನು ವರ್ಷದ ಹೆಚ್ಚಿನ ಕಾಲ ದಕ್ಷಿಣದಿಂದ ಉತ್ತರಕ್ಕೆ ಸಾಗಿಸುತ್ತವೆ. ಗೋಡೆ ಅಡ್ಡ ಬಂತು, ದಕ್ಷಿಣದಲ್ಲಿ ಮರಳು ಗುಡ್ಡೆ ಬಿದ್ದು ದಂಡೆ ಬೆಳೆಯಿತು. ಗವರ್ನರ್ ಗ್ರಾಂಟ್ ಡಫ್ 1884ರಲ್ಲಿ ಅಲ್ಲಿ ವಾಯುವಿಹಾರದ ದಾರಿ ಮಾಡಿಸಿ ಮರೀನಾ ಎಂಬ ಹೆಸರಿಟ್ಟರು. ಈಗ ಕೆಲವು ಕಡೆ 400 ಮೀಟರಿಗೂ ಹೆಚ್ಚು ಅಗಲ. ಬಂದರಿನ ಉತ್ತರಕ್ಕಿರುವ ರಾಯಪುರಂ, ತಿರುವೊತ್ತಿಯೂರು ಕಡೆಗೆ ಮರಳು ಹೋಗುವುದು ನಿಂತಿತು, ಅಲ್ಲಿ ಸಮುದ್ರ ದಂಡೆಯನ್ನು ತಿಂದಿತು. ಈಗ ಕಲ್ಲು ಸುರಿದು ತಡೆದಿದ್ದಾರೆ. ಇಲ್ಲಿ ಜನ ಗಾಳಿಪಟ ಹಾರಿಸುವ ಮರಳು ಅಲ್ಲಿನವರ ಅಂಗಳಕ್ಕೆ ಸೇರಬೇಕಾದದ್ದು. ಪ್ರವಾಸಿಗಳ ಮರೀನಾ ಫೋಟೊಗಳಲ್ಲಿ ಈ ಅರ್ಧ ಇರುವುದೇ ಇಲ್ಲ. ನನ್ನ ಫೋಟೊದಲ್ಲೂ ಕ್ರೇನುಗಳ ಹತ್ತಿರ ಚೌಕಟ್ಟು ಮುಗಿಯುತ್ತದೆ.

ನಮ್ಮ ಮನೆಯಲ್ಲಿ ಅಮ್ಮಿಯ ಹತ್ತಿರ ಇದ್ದದ್ದರಿಂದ ಉಳಿದುಕೊಂಡ ಒಂದು ಹಳೆಯ ಫೋಟೊ ಇದೆ. ನಾನಾ ಮರೀನಾದಲ್ಲಿ ಬಿಳಿ ಪೈಜಾಮ ಮೊಣಕಾಲಿಗೆ ಮಡಚಿಕೊಂಡು ನಿಂತಿದ್ದಾರೆ. ಹಿಂದೆ ದಕ್ಷಿಣದ ದಂಡೆ ಪೂರ್ತಿ ಕಾಣುತ್ತದೆ, ಆದರೆ ದೀಪಸ್ತಂಭ ಇಲ್ಲ. ಹಾಗಾದರೆ 1977ಕ್ಕಿಂತ ಹಿಂದಿನದು. ಹಿಂಭಾಗದಲ್ಲಿ ಏನೂ ಬರೆದಿಲ್ಲ, ನಾನಿಗೂ ವರ್ಷ ನೆನಪಿರಲಿಲ್ಲ. ಇಲ್ಲದ ಕಟ್ಟಡವೊಂದು ಫೋಟೊದ ಕಾಲ ಹೇಳಿದ್ದನ್ನು ನೋಡಿ ಅವರಿಗೆ ಬಹಳ ಹೊತ್ತು ನಗು.

ದೀಪಸ್ತಂಭದಿಂದ ಖಾಲಾ ಮನೆ ಕಾಣಲಿಲ್ಲ. ಮಾರನೇ ದಿನ ಸೇಂಟ್ ಥಾಮಸ್ ಮೌಂಟ್‌ಗೆ ಹೋಗೋಣ ಎಂದು ಭಾಯಿ ಹೇಳಿದರು. ತಮಿಳಿನಲ್ಲಿ ಪರಂಗಿಮಲೈ. ಸುಮಾರು 300 ಅಡಿಯ ಪುಟ್ಟ ಗುಡ್ಡ, ತುದಿಯಲ್ಲಿ ಪೋರ್ಚುಗೀಸರ ಕಾಲದ ಚರ್ಚು. ಆ ರಾತ್ರಿ ಜೋರು ಮಳೆ ಬಂತು. ನನಗೆ ಒಳಗೊಳಗೇ ಖುಷಿ, ಮಳೆ ಬಂದರೆ ಗಾಳಿಯ ಧೂಳೆಲ್ಲ ತೊಳೆದು ಹೋಗಿ ಬೆಳಿಗ್ಗೆ ದೂರದ್ದು ಸ್ಪಷ್ಟ ಕಾಣುತ್ತದೆ. ಎರಡು ಗಂಟೆಗೆ ನೀರು ಕುಡಿಯಲು ಎದ್ದರೆ ಖಾಲಾ ಮುಂಬಾಗಿಲ ಹೊಸ್ತಿಲ ಹತ್ತಿರ ಕುರ್ಚಿ ಹಾಕಿಕೊಂಡು ಕೂತಿದ್ದರು. ಕೈಯಲ್ಲಿ ತಸ್ಬೀಹ್, ಕಾಲ ಬಳಿ ಟಾರ್ಚು. ಬಾಗಿಲ ಕೆಳಗಿನ ಸಂದಿಗೆ ಆಗಾಗ ಬೆಳಕು ಬಿಟ್ಟು ನೋಡುತ್ತಿದ್ದರು.

"ಏನಾಯ್ತು ಖಾಲಾ?"

"ಏನಿಲ್ಲ ಬೇಟಿ. ಮಳೆ ಬಂದ ರಾತ್ರಿ ನಾನು ಇಲ್ಲೇ ಕೂರೋದು. ನೀನು ಮಲಕ್ಕೋ."

ಅಷ್ಟು ವರ್ಷಗಳಿಂದ ಹಾಗೇ ಕೂರುತ್ತಿದ್ದಾರಂತೆ. ಫೋನ್‌ನಲ್ಲಿ ನಮಗೆ ಒಮ್ಮೆಯೂ ಹೇಳಿರಲಿಲ್ಲ.

ಬೆಳಿಗ್ಗೆ ಖಾಲಾ ತಾವೂ ಬರುತ್ತೇನೆ ಎಂದರು. ನಲವತ್ತು ವರ್ಷ ಅದೇ ಊರಲ್ಲಿದ್ದು ಒಮ್ಮೆಯೂ ಹತ್ತಿಲ್ಲವಂತೆ. 130ಕ್ಕೂ ಹೆಚ್ಚು ಮೆಟ್ಟಿಲುಗಳನ್ನು ಮೂರು ಕಡೆ ಕೂತು ಹತ್ತಿದರು. ಮೇಲೆ ಬಂದರೆ ಒಂದು ಕಡೆ ವಿಮಾನ ನಿಲ್ದಾಣ, ವಿಮಾನಗಳು ನಮ್ಮ ಮಟ್ಟದಲ್ಲೇ ಇಳಿಯುತ್ತಿವೆಯೇನೋ ಎನಿಸುತ್ತದೆ. ಹತ್ತಿರದಲ್ಲಿ ಸೇನೆಯ ಜಾಗವೂ ಇದೆ, ಬೋರ್ಡ್ ಹಾಕಿರುವ ಕಡೆಗೆ ಕ್ಯಾಮೆರಾ ಎತ್ತಬೇಡಿ. ಈಶಾನ್ಯಕ್ಕೆ ಸೈದಾಪೇಟೆ, ಅದರಾಚೆ ಕಡಲು.

ಈ ಗುಡ್ಡಕ್ಕೂ ನಮ್ಮ ಕನ್ನಡ ನಾಡಿಗೂ ಒಂದು ನಂಟು ಇದೆ. 1799ರ ಶ್ರೀರಂಗಪಟ್ಟಣದ ಯುದ್ಧದಲ್ಲಿ ಇದ್ದ ವಿಲಿಯಂ ಲ್ಯಾಂಬ್ಟನ್ ಎಂಬ ಬ್ರಿಟಿಷ್ ಅಧಿಕಾರಿ, ಟಿಪ್ಪು ಸುಲ್ತಾನರು ಮಡಿದ ಮೇಲೆ ಕಂಪನಿಯ ಕೈ ಸೇರಿದ ನಾಡನ್ನು ನಿಖರವಾಗಿ ಅಳೆಯಬೇಕೆಂದು ಹೊರಟರು. 1802ರಲ್ಲಿ ಈ ಗುಡ್ಡದ ಬುಡದ ಬಯಲಿನಲ್ಲಿ ಉಕ್ಕಿನ ಸರಪಳಿ ಹಾಸಿ ಸುಮಾರು ಏಳೂವರೆ ಮೈಲಿಯ ಒಂದು ಗೆರೆ ಅಳೆದರು. ನೆಲ ಚಪ್ಪಟೆ ಇದ್ದದ್ದು ಅದಕ್ಕೆ ಅನುಕೂಲ. ಆ ಗೆರೆಯಿಂದ ತ್ರಿಕೋನದ ಮೇಲೆ ತ್ರಿಕೋನ ಕಟ್ಟುತ್ತಾ ಬೆಂಗಳೂರಿಗೆ ಬಂದು, ಇಲ್ಲಿ 1804ರಲ್ಲಿ ಮತ್ತೊಂದು ಗೆರೆ ಅಳೆದು, ಮಂಗಳೂರಿನ ಕಡಲಿನವರೆಗೂ ಹೋದರು. ಬೆಟ್ಟಗಳಿರುವ ಕಡೆ ಕೆಲಸ ಸುಲಭ. ಆಮೇಲೆ ತಂಜಾವೂರಿನ ಬಯಲಿಗೆ ಹೋದಾಗ ಹತ್ತಲು ಏನೂ ಸಿಗದೆ 1808ರಲ್ಲಿ ಬೃಹದೀಶ್ವರ ದೇವಾಲಯದ ಗೋಪುರದ ಮೇಲಕ್ಕೆ ಅರ್ಧ ಟನ್ ತೂಕದ ಥಿಯೊಡೊಲೈಟನ್ನು ಹಗ್ಗ ಕಟ್ಟಿ ಎಳೆಸಿದರು. ಹಗ್ಗ ಕಿತ್ತು, ಯಂತ್ರ ಗೋಡೆಗೆ ಬಡಿದು ಜಖಂ ಆಯಿತು. ಚಪ್ಪಟೆ ನಾಡಿನಲ್ಲಿ ಎತ್ತರಕ್ಕಾಗಿ ಒದ್ದಾಡಿದವರಲ್ಲಿ ನಾವೇ ಮೊದಲಲ್ಲ.

ಮಳೆ ತೊಳೆದ ಗಾಳಿಯಲ್ಲಿ ಎಲ್ಲವೂ ಸ್ಪಷ್ಟವಾಗಿತ್ತು. ಭಾಯಿ ಕ್ಯಾಮೆರಾವನ್ನು ಕಟ್ಟೆಯ ಮೇಲೆ ಬ್ಯಾಗ್ ಇಟ್ಟು ಕೂರಿಸಿದರು. ಮನೆ ಕಾಣುವುದು ಸಾಧ್ಯವೇ ಇಲ್ಲ, ಐದು ಕಿಲೋಮೀಟರ್. ಆದರೆ ಮೊಹಲ್ಲಾದ ಮಸೀದಿಯ ಹಸಿರು ಮಿನಾರ ಸಿಕ್ಕಿತು. ಲೆನ್ಸಿನಲ್ಲಿ ಬೆಂಕಿಕಡ್ಡಿಯ ತುದಿಯಷ್ಟು. ಅದರ ಮೇಲ್ಗಡೆ, ಅದೇ ಚೌಕಟ್ಟಿನಲ್ಲಿ, ಉಗುರಿನಷ್ಟು ದಪ್ಪದ ನೀಲಿ ಪಟ್ಟಿ. ಸಮುದ್ರ. ನಾನಿ ಕೇಳಿದ ಫೋಟೊ ಹೀಗೆ ಸಿಕ್ಕಿತು.

ಖಾಲಾ ಪರದೆಯನ್ನು ಬಹಳ ಹೊತ್ತು ನೋಡಿದರು. "ನದಿ ಎಲ್ಲಿ?" ಎಂದರು.

ಭಾಯಿ ತೋರಿಸಿದರು. ಮರಗಳ ಒಂದು ಕಡು ಹಸಿರು ಗೆರೆ, ನಡುವೆ ಅಲ್ಲಲ್ಲಿ ತುಂಡುತುಂಡಾಗಿ ಹೊಳೆಯುವ ಬಿಳುಪು. ನೀರನ್ನು ತೀರಾ ಓರೆಯಾಗಿ ನೋಡಿದಾಗ ಅದು ಕನ್ನಡಿಯ ಹಾಗೆ ಆಕಾಶವನ್ನೇ ತೋರಿಸುತ್ತದೆ. ಗುಡ್ಡದ ಹತ್ತಿರದ ಖಾಲಿ ಸೈಟುಗಳಲ್ಲಿ ರಾತ್ರಿಯ ಮಳೆ ನಿಂತಿತ್ತು, ಅದೂ ಅದೇ ಬಿಳುಪು. ನದಿ ಯಾವುದು, ಸೈಟು ಯಾವುದು, ಮನೆಗಳ ನೆಲ ಯಾವುದು ಎಂದು ಎತ್ತರ ನೋಡಿ ಹೇಳುವಂತೆಯೇ ಇರಲಿಲ್ಲ. ನಮ್ಮಲ್ಲಿ ಮಳೆ ಬಂದರೆ ನೀರು ಇಳಿಜಾರು ಹುಡುಕಿ ವೃಷಭಾವತಿಯ ಕಡೆ ಓಡುತ್ತದೆ, ಓಡುವ ದಾರಿಯಲ್ಲಿದ್ದ ಮನೆಗಳಿಗೆ ನುಗ್ಗುವುದೂ ಉಂಟು. ಅಲ್ಲಿ ನೀರಿಗೆ ಓಡಲು ಇಳಿಜಾರೇ ಇಲ್ಲ. 2015ರಲ್ಲಿ ಚೆಂಬರಂಬಾಕ್ಕಂ ಕೆರೆ ತುಂಬಿ, ಊರಿನ ಮೇಲೆ ಸುರಿದ ಮಳೆಯೂ ಸೇರಿ, ಅಡ್ಯಾರ್ ಉಕ್ಕಿದಾಗ ನೀರು ಎರಡೂ ಕಡೆ ಹಾಸಿಕೊಂಡಿತು, ಅಷ್ಟೆ.

"ಗಲ್ಲಿಯಲ್ಲಿ ನಿಂತರೆ ನದಿ ದೂರ ಅನಿಸುತ್ತೆ. ನಾಲ್ಕು ತಿರುವು ದಾಟಬೇಕು," ಎಂದರು ಖಾಲಾ. "ಇಲ್ಲಿಂದ ನೋಡಿದರೆ ಮಿನಾರ ನದಿಯಲ್ಲೇ ನಿಂತ ಹಾಗಿದೆ."

ಲೆನ್ಸು ದೂರವನ್ನು ಒತ್ತಿ ತೋರಿಸುತ್ತದೆ, ಅಷ್ಟು ಹತ್ತಿರ ಇಲ್ಲ ಎಂದು ನಾನು ವಿವರಿಸಿದೆ. ಅವರು ತಲೆಯಾಡಿಸಿದರು, ಒಪ್ಪಿದಂತೆ ಕಾಣಲಿಲ್ಲ. ಅಬ್ಬಾ ಇದೇ ಸಮಯ ಎಂದುಕೊಂಡು ಬೆಂಗಳೂರಿನ ಮಾತು ತೆಗೆದರು. ಖಾಲಾ ಕೇಳಿದ್ದು ಒಂದೇ ಪ್ರಶ್ನೆ: "ನನ್ನ ಹತ್ತಿರ ಹೊಲಿಗೆಗೆ ಬರೋ ಇಪ್ಪತ್ತು ಮನೆಯವರು ಅಲ್ಲಿಗೆ ಬರ್ತಾರಾ?" ಅಬ್ಬಾ ಚಹಾ ಕುಡಿಯೋಣ ಎಂದರು.

ಫೋಟೊವನ್ನು ಊರಿಗೆ ಬಂದು ಹನ್ನೆರಡು ಇಂಚು ಅಗಲಕ್ಕೆ ಪ್ರಿಂಟ್ ಹಾಕಿಸಿದೆ. ಸ್ಟುಡಿಯೋದವರು ಆಕಾಶ ಜಾಸ್ತಿಯಾಯಿತು, ಕತ್ತರಿಸಲಾ ಎಂದು ಕೇಳಿದರು. ಬೇಡ ಎಂದೆ, ಆ ಊರಿಗೆ ಆಕಾಶ ಜಾಸ್ತಿಯೇ. ನಾನಿ ಕನ್ನಡಕದ ಮೇಲೆ ಭೂತಗನ್ನಡಿ ಹಿಡಿದು ಮಿನಾರ ಕಂಡುಹಿಡಿದರು. ನಾನು ತೋರಿಸುವ ಮೊದಲೇ. ಆಮೇಲೆ ಅದರ ಎಡಕ್ಕೆ ಬೆರಳಿಟ್ಟು ಇದು ಯಾರ ಮನೆ, ಬಲಕ್ಕೆ ಬೆರಳಿಟ್ಟು ಅದು ಯಾರ ಅಂಗಡಿ ಎಂದು ಹೇಳುತ್ತಾ ಹೋದರು. ಅಲ್ಲಿ ಇದ್ದದ್ದು ಬೂದು ಚುಕ್ಕಿಗಳು ಮಾತ್ರ. ಅಮ್ಮಿ ಒಂದು ನೋಟ್‌ಬುಕ್ ತಂದು ಹೆಸರುಗಳನ್ನು ಬರೆದುಕೊಳ್ಳಲು ಕೂತರು. ಆಲ್ಬಮ್‌ನಲ್ಲಿ ಇದ್ದವರ ಹೆಸರುಗಳೂ ಅದರ ಜೊತೆ ಬಂದವು. ಈಗ ಹದಿನಾರು ಪುಟ ಆಗಿದೆ.

ಖಾಲಾ ಮನೆ ಮಾರಲಿಲ್ಲ. ಡಿಸೆಂಬರಿನಲ್ಲಿ ಮೇಲಿನ ಮಹಡಿಯವರು ಖಾಲಿ ಮಾಡಿದಾಗ ಅದನ್ನು ತಾವೇ ಬಾಡಿಗೆಗೆ ಹಿಡಿದು, ಮಲಗುವುದು ಅಡುಗೆ ಎಲ್ಲ ಮೇಲಕ್ಕೆ ಸಾಗಿಸಿದರು. ಕೆಳಗೆ ಹೊಲಿಗೆ ಮೆಷಿನ್ ಇದೆ, ನಾಲ್ಕು ಇಟ್ಟಿಗೆಗಳ ಮೇಲೆ.